‘ರಿಸಲ್ಟ್ ಬಂದರೆ ಮಾತ್ರ ದುಡ್ಡು’ ಅನ್ನುವ ಏಜೆನ್ಸಿಯನ್ನು ಒಪ್ಪಬಹುದಾ?

ಆಲೆಮನೆ_ಮಂಡ್ಯ:
ಮಂಡ್ಯ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಚ್ಚು ಬೆಲ್ಲ ಮಂಡಿಗೆ ಹೋಗುತ್ತೆ. ಕೆಮಿಕಲ್ ಹಾಕದ ಪುಡಿ ಬೆಲ್ಲಕ್ಕೆ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಬೆಂಗಳೂರಿಗೆ ಕೊರಿಯರ್ ಮಾಡುತ್ತೇವೆ. ಇದುವರೆಗೆ ಫೇಸ್‌ಬುಕ್‌ನಲ್ಲಿ ‘ಬೂಸ್ಟ್’ ಒತ್ತಿದ್ದೇ ನಮ್ಮ ಜಾಹೀರಾತು. ಲೈಕ್ ಬಂತು, ಬೆಲ್ಲ ಹೋಗಲಿಲ್ಲ.

ಈಗ ಒಂದು ಏಜೆನ್ಸಿಯವರು ಬಂದಿದ್ದಾರೆ. ಮುಂಗಡ ಬೇಡ, ರಿಸಲ್ಟ್ ಬಂದರೆ ಮಾತ್ರ ಕೊಡಿ, ಒಂದು ಲೀಡ್‌ಗೆ 90 ರೂಪಾಯಿ ಅಂತಾರೆ. ಡಿಸೆಂಬರ್‌ನಲ್ಲೇ ಶುರು ಮಾಡೋಣ ಅಂತ ಅವಸರ ಬೇರೆ. ಅಪ್ಪನಿಗೆ ಖುಷಿ, ನನಗೆ ಅನುಮಾನ. ನಮ್ಮ ಸಾಮಾನ್ಯ ಆರ್ಡರ್ 5 ಕೆಜಿ, 600 ರೂಪಾಯಿ. ಎಲ್ಲ ಖರ್ಚು ಕಳೆದು 130 ಉಳಿದರೆ ಹೆಚ್ಚು. ಏನು ಮಾಡಲಿ?

ಕುವೆಂಪುನಗರ_ಆಡ್ಸ್:
ಮೈಸೂರಿನ ಚಿಕ್ಕ ಅಂಗಡಿಗಳಿಗೆ ಆಡ್ ಓಡಿಸುವುದೇ ನನ್ನ ಹೊಟ್ಟೆಪಾಡು. ನಾನೂ ಅದೇ ಕಸುಬಿನವನು ಅನ್ನುವುದನ್ನು ನೆನಪಿಟ್ಟುಕೊಂಡೇ ಓದಿ.

ಲೀಡ್ ಅಂದರೆ ಏನು ಅಂತ ಕೇಳಿದ್ರಾ? ‘ರೇಟ್ ಎಷ್ಟು’ ಅಂತ ಮೆಸೇಜ್ ಹಾಕಿ ಮಾಯವಾದವನೂ ಅವರ ಲೆಕ್ಕದಲ್ಲಿ ಲೀಡೇ. ಹತ್ತು ಜನ ಕೇಳಿ ಇಬ್ಬರು ಕೊಂಡರೆ ನಿಮ್ಮ ಕೈಯಿಂದ 900 ಹೋಯ್ತು, ಬಂದದ್ದು 260. ಬಿಲ್ ಮೇಲೆ 18% ಜಿಎಸ್‌ಟಿ ಹಾಕಿದರೆ ಆ 90 ಕೂಡ 106 ಆಗುತ್ತೆ. ಅಪ್ಪನಿಗೆ ಇದನ್ನು ಚೀಟಿಯಲ್ಲಿ ಬರೆದು ತೋರಿಸಿ.

ಸರ್ಚ್ ಆಡ್‌ಗೆ ಕ್ಲಿಕ್ ಆದರೆ ಮಾತ್ರ ದುಡ್ಡು ಅನ್ನುವುದನ್ನು 1998ರಲ್ಲಿ ಗೋಟೂ ಡಾಟ್ ಕಾಮ್ ಅನ್ನುವ ಸರ್ಚ್ ಸೈಟ್ ತಂತು, 2002ರಲ್ಲಿ ಗೂಗಲ್ ಕೂಡ ಆಡ್ ಜಾಗದ ಹರಾಜಿನ ಜೊತೆ ಅದಕ್ಕೇ ಬಂತು. ಆಗ ಕ್ಲಿಕ್ಕೇ ದೊಡ್ಡ ರಿಸಲ್ಟ್. ಈಗಲೂ ಗೂಗಲ್ ಸರ್ಚ್‌ನಲ್ಲಿ ದುಡ್ಡು ಹೋಗುವುದು ಕ್ಲಿಕ್‌ಗೇ. ‘ಟಾರ್ಗೆಟ್ ಸಿಪಿಎ’, ಅಂದರೆ ಒಂದು ಆರ್ಡರ್‌ಗೆ ಇಷ್ಟು ಖರ್ಚು ಅನ್ನುವ ಸೆಟ್ಟಿಂಗ್, ಹಾಕಿದರೂ ಅದು ಬರೀ ಸರಾಸರಿ ಗುರಿ, ಆರ್ಡರ್ ಬರದ ಕ್ಲಿಕ್‌ಗೂ ಬಿಲ್ ಬರುತ್ತೆ. ಆ ನಷ್ಟವನ್ನು ಏಜೆನ್ಸಿ ತನ್ನ ಮೇಲೆ ಹಾಕಿಕೊಂಡರೆ ಸುಮ್ನೆ ಹಾಕಿಕೊಳ್ಳುತ್ತಾ? ಅಗ್ಗದ ಲೀಡ್ ಹುಡುಕುತ್ತೆ. ‘ಉಚಿತ ಸ್ಯಾಂಪಲ್’ ಅಂತ ಆಡ್ ಹಾಕಿದರೆ ಮೆಸೇಜ್ ರಾಶಿ ಬೀಳುತ್ತೆ.

ಇದಕ್ಕಿಂತ ಜಾಣ ಆಟ ಇನ್ನೊಂದಿದೆ. ನಿಮ್ಮ ಬ್ರ್ಯಾಂಡ್ ಹೆಸರಿಗೇ ಆಡ್ ಹಾಕುವುದು. ಹಳೇ ಗಿರಾಕಿ ನಿಮ್ಮ ಹೆಸರು ಗೂಗಲ್‌ನಲ್ಲಿ ಹುಡುಕಿ ಮೇಲಿನ ಆಡ್ ಒತ್ತುತ್ತಾನೆ. ಅವನು ಹೇಗಿದ್ದರೂ ನಿಮ್ಮ ಹತ್ತಿರವೇ ಬರುತ್ತಿದ್ದ. ಆದರೂ ಅವನನ್ನು ಕರೆತಂದ ದುಡ್ಡು ಏಜೆನ್ಸಿಗೆ.

ಒಪ್ಪುವುದಾದರೆ ಬರವಣಿಗೆಯಲ್ಲಿ ಹೀಗೆ ಕೇಳಿ: ಹೊಸ ಗಿರಾಕಿ ದುಡ್ಡು ಕೊಟ್ಟ ಮೊದಲ ಆರ್ಡರ್ ಮಾತ್ರ ರಿಸಲ್ಟ್, ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸ್ ಬಂದ ಪಾರ್ಸಲ್ ಲೆಕ್ಕಕ್ಕಿಲ್ಲ, ನಿಮ್ಮ ಹೆಸರಿನ ಸರ್ಚ್ ಹೊರಗೆ, ಆಡ್ ಖಾತೆ ನಿಮ್ಮ ಹೆಸರಲ್ಲೇ. ಈ ಥರದ ಆರ್ಡರ್ ಒಂದಕ್ಕೆ 100 ಕೊಟ್ಟರೂ ತಪ್ಪಲ್ಲ. ಬೆಲ್ಲ ರುಚಿಯಾಗಿದ್ದರೆ ಅವರು ಮತ್ತೆ ತರಿಸುತ್ತಾರೆ, ಆ ಲಾಭ ಪೂರ್ತಿ ನಿಮ್ಮದು.

ಗೋಕುಲಂ_ಹೋಂಸ್ಟೇ:
ನಮಗೇನೋ ಈ ಪದ್ಧತಿ ಸರಿಹೋಗಿದೆ. ಬುಕಿಂಗ್ ಸೈಟಿಗೆ ನಾವು ಕಮಿಷನ್ ಕೊಡುವುದು ಗೆಸ್ಟ್ ಬಂದು ಉಳಿದ ಮೇಲೆ. ರಿಸಲ್ಟ್ ಯಾವುದು ಅಂತ ಜಗಳವೇ ಇಲ್ಲ. ಆದರೆ ದಸರಾ ಟೈಮಲ್ಲಿ ಸೈಟ್‌ನಲ್ಲಿ ರೂಮ್ ಬ್ಲಾಕ್ ಮಾಡಿಬಿಡುತ್ತೇವೆ. ಫೋನ್‌ನಲ್ಲೇ ತುಂಬುವ ರೂಮಿಗೆ ಕಮಿಷನ್ ಯಾಕೆ, ಅಲ್ವಾ? ಖಾಲಿ ಹೊಡೆಯುವ ದಿನಗಳಿಗೆ ಮಾತ್ರ ಅವರು ಬೇಕು.

ಆಲೆಮನೆ_ಮಂಡ್ಯ:
ಓಹೋ! ಡಿಸೆಂಬರ್ ಅಂದದ್ದು ಈಗ ಹೊಳೀತು. ಎಳ್ಳು ಬೆಲ್ಲಕ್ಕೆ ಅಂತ ಸಂಕ್ರಾಂತಿ ಹೊತ್ತಿಗೆ ಆರ್ಡರ್ ತಾವಾಗೇ ಬರುತ್ತೆ. ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿ ಅಂತ ಹೇಳಿ ನೋಡುತ್ತೇನೆ. ಒಪ್ಪಿದರೆ ವಾಟ್ಸಾಪ್‌ಗೆ ಬಂದ ಆರ್ಡರ್ ಅವರ ಆಡ್‌ನದ್ದೋ ನಮ್ಮದೋ ಅಂತ ಗೊತ್ತಾಗುವುದು ಹೇಗೆ?

ಕುವೆಂಪುನಗರ_ಆಡ್ಸ್:
ಲಿಂಕ್ ಒತ್ತಿದರೆ ‘ಬೆಲ್ಲ ಬೇಕು, ಕೋಡ್ ಎ’ ಅಂತ ಮೆಸೇಜ್ ತಾನೇ ಬರೆದುಕೊಳ್ಳುವ ಹಾಗೆ ಮಾಡಬಹುದು. ಆದರೆ ಜನ ಅದನ್ನು ಅಳಿಸಿ ‘ಹಾಯ್’ ಅಂತ ಕಳಿಸುತ್ತಾರೆ. ಆಡ್‌ಗೆ ಅಂತಲೇ ಬೇರೆ ಸಿಮ್ ಇಡಿ, ಅದು ನಿಮ್ಮ ಕೈಯಲ್ಲೇ ಇರಲಿ. ಅದಕ್ಕೆ ಬಂದ ನಂಬರ್ ಹಳೇ ಗಿರಾಕಿ ಪಟ್ಟಿಯಲ್ಲಿ ಇದೆಯಾ ನೋಡಿ, ಆಮೇಲೆ ಬಿಲ್ ಪಾಸ್ ಮಾಡಿ.