ತೂಫಾನು ಬರ್ತಾ ಉಂಟಂತೆ, ಕೋಡಿ ಬೆಂಗ್ರೆಯಲ್ಲಿ ಅಮ್ಮ ಒಬ್ಬರೇ. ಮೊದಲು ಎಂತ ಮಾಡುದು?

ಬೆಂಗ್ರೆ ಹುಡುಗ:
ನಾನಿರುವುದು ಬೆಂಗಳೂರಲ್ಲಿ. ಅಮ್ಮ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಹಂಚಿನ ಮನೆಯಲ್ಲಿ, ಜೊತೆಗೆ ಒಂದು ದನ. ಮುಂದೆ ಕಡಲು, ಹಿಂದೆ ಹೊಳೆ, ನಡುವೆ ಒಂದೇ ರಸ್ತೆ. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಆಗಿದೆ, ನಾಡಿದ್ದಿಗೆ ಚಂಡಮಾರುತ ಆಗಬಹುದಂತೆ. ನಾಳೆ ಬೆಳಿಗ್ಗೆ ಬಸ್ಸಿಳಿದರೆ ಕೈಗೆ ಸಿಗುವುದು ಒಂದೇ ಹಗಲು. ಮನೆಯ ಮಾಡು (ಛಾವಣಿ) ಗಟ್ಟಿ ಮಾಡಿಸಲಾ, ಕಡಲ ಬದಿಗೆ ಮರಳು ಚೀಲ ಹಾಕಿಸಲಾ? ಅಮ್ಮನ ಇನ್ಸುಲಿನ್ ಫ್ರಿಜ್ಜಲ್ಲಿದೆ, ಕರೆಂಟ್ ಹೋದರೆ ಅದೊಂದು ಚಿಂತೆ. ಅವರದ್ದು ಒಂದೇ ಮಾತು: "ಅದು ಗುಜರಾತಿಗೆ ಹೋಗುದಂತೆ, ನೀನು ಯಾಕೆ ಬರುದು?"

ಪಡುಕರೆ ಅಕ್ಕ:
ಗುಜರಾತಿಗೇ ಹೋಗ್ಲಿ ಮಾರಾಯ್ರೆ. 2021ರ ಮೇಯಲ್ಲಿ ತೌಕ್ತೆ ತೂಫಾನೂ ಅಲ್ಲಿಗೇ ಹೋದದ್ದು, ಅದರ ನಡು ನಮ್ಮ ಕರೆಗೆ ತಾಗ್ಲೇ ಇಲ್ಲ. ಆದ್ರೂ ಬೈಂದೂರು ಕಡೆಯ ನಾಡದಲ್ಲಿ ಒಂದು ದಿನಕ್ಕೆ 385 ಮಿ.ಮೀ. ಮಳೆ. ಕಾಪು ಹತ್ತಿರ ಬಂಡೆಗೆ ಸಿಕ್ಕಿದ ಟಗ್ಗಿನಿಂದ (ದೊಡ್ಡ ಹಡಗು ಎಳೆಯುವ ಬೋಟು) 9 ಜನರನ್ನು ಹೊರಗೆ ತರಲಿಕ್ಕೆ ಕೋಸ್ಟ್ ಗಾರ್ಡಿನವರೂ ನೌಕಾಪಡೆಯ ಹೆಲಿಕಾಪ್ಟರೂ ಬರಬೇಕಾಯ್ತು. ಅಮ್ಮನಿಗೆ ಅದನ್ನು ನೆನಪು ಮಾಡಿ.

ತೂಫಾನು ಅಂದ್ರೆ ಎಲ್ರೂ ಕಡಲನ್ನೇ ನೋಡುದು. ನಿಮ್ಮ ಜಾಗದಲ್ಲಿ ನೋಡ್ಬೇಕಾದ್ದು ಹಿತ್ತಿಲಿನ ಹೊಳೆ. ಸ್ವರ್ಣಾ, ಸೀತಾ ಎರಡೂ ಕಡಲು ಸೇರುದು ಅಲ್ಲಿಯೇ ಅಲ್ವಾ? ಗಾಳಿ ಅಳಿವೆಯಲ್ಲಿ ಕಡಲನ್ನು ಒಳಗೆ ದೂಡ್ತದೆ, ಮೇಲಿನಿಂದ ಮಳೆನೀರು ಇಳಿದು ಬರ್ತದೆ, ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಉಬ್ಬರವೂ ಆಗಲೇ ಬಂದ್ರೆ ಮುಗೀತು, ನೀರು ಅಡಿಗೆಕೋಣೆ ಬಾಗಿಲಿಂದ ಬರ್ತದೆ. ರಸ್ತೆ ಅದಕ್ಕಿಂತ ಮೊದಲೇ ಹೋಗಿರ್ತದೆ. ಮರಳು ಚೀಲಕ್ಕೆ ದುಡ್ಡು ಹಾಕ್ಬೇಡಿ.

ಗಾಳಿಯೂ ತಿರುಗ್ತದೆ. ತೂಫಾನು ನಮ್ಮ ಪಡುವಿನಲ್ಲಿ ಬಡಗು ಮುಖ ಮಾಡಿ ಹೋಗುವಾಗ ಮೊದಲು ತೆಂಕಿನಿಂದ ಬೀಸುದು. ಅದು ನಮ್ಮನ್ನು ದಾಟಿ ಬಡಗಿಗೆ ಹೋದ ಮೇಲೆ ಗಾಳಿ ಕಡಲಿಂದ ಬರ್ತದೆ. ಟಿವಿಯವರು "ಕರ್ನಾಟಕ ದಾಟಿತು" ಅಂತ ಹೇಳುವಾಗಲೇ ನಮ್ಮಲ್ಲಿ ಜನ ಕಡಲು ನೋಡ್ಲಿಕ್ಕೆ ಹೊರಡುದು. ಮೊಬೈಲು ಹಿಡ್ಕೊಂಡು! ಆಗ ಅಮ್ಮನನ್ನು ವಾಪಸ್ ಕರ್ಕೊಂಡು ಹೋಗ್ಬೇಡಿ.

ಸಿಗುವ ಒಂದು ಹಗಲಿನಲ್ಲಿ ಮೊದಲು ಅಂಗಳದ ಶೀಟು ಬಿಚ್ಚಿಸಿ. ಹಂಚು ಹಾರಿದ್ರೆ ಅಲ್ಲೇ ಬೀಳ್ತದೆ, ಶೀಟು ಹಾರಿದ್ರೆ ಪಕ್ಕದ ಮನೆಯವರ ಕುತ್ತಿಗೆಗೆ. ಬಲೆ ಕಟ್ಟುವವರ ಹತ್ರ ಹಳೆ ಬಲೆ ಕೇಳಿ, ಮಾಡಿನ ಮೇಲೆ ಹೊದೆಸಿ ನಾಲ್ಕು ಮೂಲೆಗೂ ಗೂಟ ಹೊಡೆದು ಬಿಗಿಯಿರಿ. ಟರ್ಪಾಲು ಬೇಡ, ಗಾಳಿ ಒಳಗೆ ಹೊಕ್ಕಿದ್ರೆ ಹಂಚನ್ನೂ ಎತ್ತಿಕೊಂಡು ಹೋಗ್ತದೆ. ಮಾಡಿನ ಮೇಲೆ ಬಾಗಿದ ತೆಂಗಿದ್ರೆ ಕಾಯಿ, ಒಣಗಿದ ಮಡಲು ಇಳಿಸಿ. ಜಾಗದ ಪತ್ರ, ರೇಷನ್ ಕಾರ್ಡು ಅಮ್ಮನ ಜೊತೆ ಹೋಗ್ಲಿ.

ನಿವೃತ್ತ ಲೈನ್‌ಮ್ಯಾನ್:
ಮನೆ ಬಿಡುವಾಗ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಬ್ಯಾಟರಿಯನ್ನು ಎತ್ತರಕ್ಕೆ ಇಡಿ. ವಾಪಸಾದಾಗ ತಂತಿ ಬಿದ್ದಿದ್ದರೆ, ಊರಲ್ಲೆಲ್ಲ ಕರೆಂಟ್ ಇಲ್ಲ ಅನ್ನುವ ಧೈರ್ಯದಲ್ಲಿ ಮುಟ್ಟಬೇಡಿ. ಯಾರದ್ದೋ ಮನೆಯ ಜನರೇಟರಿನಿಂದ ಲೈನಿಗೆ ಕರೆಂಟ್ ವಾಪಸ್ ಬರುವುದುಂಟು. 1912ಕ್ಕೆ ಹೇಳಿ. ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಔಷಧಿ ಅಂಗಡಿ:
ಬಳಸುತ್ತಿರುವ ಇನ್ಸುಲಿನ್ ಹೆಚ್ಚಿನವು 30 ಡಿಗ್ರಿಯೊಳಗೆ ಸುಮಾರು 28 ದಿನ ಫ್ರಿಜ್ ಇಲ್ಲದೆ ಇರುತ್ತವೆ, ನಿಮ್ಮದಕ್ಕೆ ಎಷ್ಟು ಅಂತ ಡಬ್ಬದ ಮೇಲಿರುವುದನ್ನು ಓದಿ. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ನಡುವೆ ಸಣ್ಣ ಕುಡಿಕೆ ಇಟ್ಟು, ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಐಸಿಗೆ ತಾಗಿಸಬೇಡಿ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಬೆಂಗ್ರೆ ಹುಡುಗ:
ಅಕ್ಕ, ಹೊಳೆಯ ವಿಷಯ ಹೇಳಿದ ಮೇಲೆ ಅಮ್ಮ ಸುಮ್ಮನಾದರು. ಕಲ್ಯಾಣಪುರದ ಚಿಕ್ಕಮ್ಮನ ಮನೆಗೆ ಹೋಗಲು ಒಪ್ಪಿದ್ದಾರೆ, ಆದರೆ ದನ ಬಿಟ್ಟು ಬರಲಾರರಂತೆ.

ಪಡುಕರೆ ಅಕ್ಕ:
ದನ ಬಿಟ್ಟು ಯಾರು ಬರ್ತಾರೆ ತಮ್ಮಾ? ಟೆಂಪೋದವನಿಗೆ ಈಗಲೇ ಫೋನ್ ಮಾಡಿ, ನಾಳೆ ಮಧ್ಯಾಹ್ನದ ಮೇಲೆ ಒಬ್ಬನೂ ಸಿಗುದಿಲ್ಲ. ಟೆಂಪೋ ಸಿಗದಿದ್ರೆ ಹಗ್ಗ ಬಿಚ್ಚಿ ಬಿಡಿ, ಕಟ್ಟಿ ಹಾಕಿ ಮಾತ್ರ ಬರ್ಬೇಡಿ. ಮತ್ತೆ, ಹಿಂದೆ ಬಂದ ಮೇಲೆ ಬಾವಿ ನೀರು ಉಪ್ಪಾಗಿದ್ರೆ ಪಂಪು ಹಾಕಿ ಒಮ್ಮೆಲೇ ಖಾಲಿ ಮಾಡ್ಲಿಕ್ಕೆ ಹೋಗ್ಬೇಡಿ, ಅಡಿಯ ಉಪ್ಪುನೀರು ಇನ್ನೂ ಮೇಲೆ ಬರ್ತದೆ. ಕುದಿಸಿದ್ರೂ ಉಪ್ಪು ಹೋಗುದಿಲ್ಲ. ನಾಲ್ಕು ಮಳೆ ಬೀಳುವವರೆಗೆ ಕುಡೀಲಿಕ್ಕೆ ಕಲ್ಯಾಣಪುರದಿಂದ ಕ್ಯಾನಿನಲ್ಲಿ ತನ್ನಿ.