ಎಂಜಿನಿಯರನ್ನು ಕೇಳಿ: ಸ್ಲ್ಯಾಗ್ ಸಿಮೆಂಟ್, ಹಾರುಬೂದಿ, ಹಳೇ ಕಾಂಕ್ರೀಟಿನ ಮರುಬಳಕೆ

ಎಂಜಿನಿಯರ್: ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕಾರ್ಬನ್ ಕಡಿಮೆ ಮಾಡುವ ಸಾಮಗ್ರಿಗಳು, ಅದಕ್ಕೆ ಸೈಟು ಹೊಂದಿಕೊಳ್ಳೋದು, ಏನಿದ್ದರೂ ಕೇಳಿ. ಸಂಜೆವರೆಗೆ ಇರುತ್ತೇನೆ.

ಮನೆ ಕಟ್ಟುವವ: ಸ್ಲ್ಯಾಗ್ ಸಿಮೆಂಟ್ ಪರಿಸರಕ್ಕೆ ಒಳ್ಳೆಯದು ಅನ್ನೋದು ನಿಜವಾ, ಮಾರೋರ ಮಾತಾ?

ಎಂಜಿನಿಯರ್: ನಿಜವೇ. ಸಿಮೆಂಟಿಗೆ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಉರುವಲಿನ ಹೊಗೆ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಆ ಕಲ್ಲಿನಿಂದಲೇ ಹೊರಬರುತ್ತದೆ. ಸ್ಲ್ಯಾಗ್ ಅಂದರೆ ಕಬ್ಬಿಣದ ಕುಲುಮೆಯ ಕಿಟ್ಟ. ಅದನ್ನು ಪುಡಿ ಮಾಡಿ ಬೆರೆಸಿದಷ್ಟೂ ಸುಡುವ ಕಲ್ಲು ಕಡಿಮೆ.

ಹೊಸಬ: ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ ಬೆರೆತ ಸಿಮೆಂಟಿಗೆ ಎಷ್ಟು ದಿನ ಕ್ಯೂರಿಂಗ್?

ಎಂಜಿನಿಯರ್: ಕನಿಷ್ಠ 10 ದಿನ ಒದ್ದೆಯಾಗಿಡಿ.

ಬಿದಿರುಪ್ರಿಯ: ಸರ್, ಕಬ್ಬಿಣದ ಬದಲು ಬಿದಿರು ಹಾಕಬಹುದಾ?

ಸೈಟ್ ಎಂಜಿನಿಯರ್: ನಮ್ಮಲ್ಲಿ ಹೋದ ತಿಂಗಳಿಂದ ಅರ್ಧ ಸಿಮೆಂಟ್, ಅರ್ಧ ಸ್ಲ್ಯಾಗ್. ಆಫೀಸಿನ ಆದೇಶ. ಎಂದಿನಂತೆ 7ನೇ ದಿನ ಸ್ಲ್ಯಾಬ್ ಹೊತ್ತಿದ್ದ ಸೆಂಟ್ರಿಂಗ್ ಬಿಚ್ಚಿದೆವು. ಸ್ಲ್ಯಾಬಿನ ಅಗಲ 5 ಮೀಟರ್. ದಾರ ಹಿಡಿದರೆ ನಡುವೆ 12 ಮಿಲಿಮೀಟರ್ ಇಳಿದಿದೆ. ಅಡಿಯಲ್ಲಿ ಕೂದಲೆಳೆ ಬಿರುಕು. ಬಲ ಪರೀಕ್ಷೆಗೆ ಹಾಕಿದ ಕಾಂಕ್ರೀಟ್ ಕ್ಯೂಬುಗಳ 7 ದಿನದ ರಿಸಲ್ಟ್ ಕೂಡ ಕಡಿಮೆ. ಪ್ಲಾಸ್ಟರ್ ಮಾಡಿದರೆ ಮುಚ್ಚಿಹೋಗುತ್ತದೆ ಅಂತ ಮೇಸ್ತ್ರಿ ಹೇಳುತ್ತಾನೆ.

ಎಂಜಿನಿಯರ್: ಪ್ಲಾಸ್ಟರ್ ಮುಟ್ಟಬೇಡಿ. ಮೊದಲು ಅದರ ಕೆಳಗಿರುವ ಜನರನ್ನು ಹೊರಗೆ ಕಳಿಸಿ. ಮೇಲೆ ಇಟ್ಟಿಗೆ, ಮರಳು ಪೇರಿಸಿದ್ದರೆ ನಿಮ್ಮ ಸ್ಟ್ರಕ್ಚರಲ್ ಡಿಸೈನರ್ ಬಂದು ನೋಡಿದ ಮೇಲೆ ಇಳಿಸಿ. ಅವರನ್ನು ಇವತ್ತೇ ಕರೆಸಿ, ನಾಳೆ ಅಲ್ಲ. ಪ್ರಾಪ್‌ಗಳನ್ನು, ಅಂದರೆ ಆಸರೆ ಕಂಬಗಳನ್ನು, ಅವರು ಹೇಳಿದ ಕಡೆ, ಅವರ ಎದುರಿಗೇ ನಿಲ್ಲಿಸಿ. ತಾಗಿ ನಿಲ್ಲಬೇಕು ಅಷ್ಟೇ. ಇಳಿದಿದ್ದನ್ನು ಜಾಕ್ ಹಾಕಿ ಎತ್ತಲು ಹೋದರೆ ಇಲ್ಲದ ಕಡೆ ಬಿರುಕು ಬರುತ್ತದೆ.

ಸ್ಲ್ಯಾಗ್ ಕೆಟ್ಟದ್ದಲ್ಲ, ನಿಧಾನ. ಸಾಮಾನ್ಯ ಸಿಮೆಂಟ್ 7 ದಿನಕ್ಕೆ 28 ದಿನದ ಬಲದಲ್ಲಿ ಮೂರನೇ ಎರಡು ಭಾಗ ಗಳಿಸುತ್ತದೆ ಅಂದುಕೊಳ್ಳಿ. ಅರ್ಧ ಸ್ಲ್ಯಾಗ್ ಇದ್ದರೆ ಅಷ್ಟಕ್ಕೆ ಬರಲು ಇನ್ನೂ ದಿನ ಬೇಕು, ಚಳಿ ಇದ್ದರೆ ಇನ್ನೂ ತಡ. 56 ದಿನಕ್ಕೆ ಅದೇ ಮುಂದೆ ಹೋಗಲೂಬಹುದು. ಹಾಗಾಗಿ ಈ ಸ್ಲ್ಯಾಬ್ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಡೆದು ಹಾಕಿದರೆ ಎರಡು ಸಲ ಸಿಮೆಂಟ್ ಸುರಿದಂತಾಯಿತು. ಯಾವ ಹಸಿರು ಅದು?

ನಿಮ್ಮ ಕ್ಯೂಬುಗಳು ಎಲ್ಲಿದ್ದವು? ಲ್ಯಾಬಿನ ತೊಟ್ಟಿಯಲ್ಲಾದರೆ ಆ ಲೆಕ್ಕಕ್ಕಿಂತ ನಿಜವಾದ ಸ್ಲ್ಯಾಬ್ ಇನ್ನೂ ಎಳಸಾಗಿರಬಹುದು. ಬಿಚ್ಚುವ ತೀರ್ಮಾನಕ್ಕೆ ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಬಿಸಿಲು ಚಳಿಯಲ್ಲಿ ಇಟ್ಟ ಕ್ಯೂಬ್ ಬೇಕು.

ನನಗೆ ಭಯ ಇರೋದು ಬೇರೆ ಕಡೆ. ಮೇಲಿನ ಮಹಡಿಯ ಸೆಂಟ್ರಿಂಗ್ ಯಾವುದರ ಮೇಲೆ ನಿಂತಿದೆ? ಇದೇ ಸ್ಲ್ಯಾಬಿನ ಮೇಲಾ?

ಸೈಟ್ ಎಂಜಿನಿಯರ್: ಹೌದು ಸರ್. ನಾಳೆ ಬೆಳಿಗ್ಗೆ ಮೇಲಿನದಕ್ಕೆ ಕಾಂಕ್ರೀಟ್.

ಎಂಜಿನಿಯರ್: ನಿಲ್ಲಿಸಿ.

ಹಸಿರುಮನೆ: ಬಿರುಕಿಗೆ ಒಂದು ಫಾರ್ವರ್ಡ್ ಬಂದಿದೆ. ಕಾಂಕ್ರೀಟಿಗೆ ಸಕ್ಕರೆ ನೀರು ಬೆರೆಸಬೇಕಂತೆ. ರಾಸಾಯನಿಕವೇ ಬೇಡ, ಪೂರ್ತಿ ನೈಸರ್ಗಿಕ.

ಎಂಜಿನಿಯರ್: ಸಿಮೆಂಟ್ ತೂಕದ ನೂರಕ್ಕೆ 0.05 ಭಾಗ ಸಕ್ಕರೆ ಸಾಕು, ಸೆಟ್ ಆಗೋದು ಗಂಟೆಗಟ್ಟಲೆ ತಡವಾಗುತ್ತದೆ. ಇನ್ನೂ ಹಾಕಿದರೆ ಸೆಟ್ಟೇ ಆಗದೆ ಇರಬಹುದು. ಮಿಕ್ಸರ್ ಕೆಟ್ಟು ನಿಂತಾಗ ಒಳಗಿನ ಕಾಂಕ್ರೀಟ್ ಕಲ್ಲಾಗದಿರಲಿ ಅಂತ ಸುರಿಯುವ ವಸ್ತು ಅದು. ಮೊದಲೇ ನಿಧಾನದ ಮಿಕ್ಸಿಗೆ ಅದನ್ನು ಹಾಕ್ತೀರಾ? ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಗುತ್ತಿಗೆದಾರ: ನೋಡಿದ್ರಾ? ಹಸಿರು ಹಸಿರು ಅಂತ ಆಫೀಸಿನೋರು ಕುಣಿತಾರೆ, ತಲೆ ಮೇಲೆ ಬೀಳೋದು ನಮಗೆ. ಹಳೇ ಸಿಮೆಂಟೇ ವಾಸಿ.

ಹಳೇ ಮೇಸ್ತ್ರಿ: 7 ದಿನಕ್ಕೆ ಬಿಚ್ಚಿ ಅಂತ ಅವಸರ ಮಾಡೋದು ನೀವೇ ಅಲ್ವಾ? ಸಿಮೆಂಟ್ ಬದಲಾಗಿದೆ ಅಂತ ನಮಗೆ ಯಾರೂ ಹೇಳೋದಿಲ್ಲ. ಚೀಲ ಒಂದೇ ಥರ ಇರುತ್ತದೆ.

ಗುತ್ತಿಗೆದಾರ: ನನ್ನ ಬಿಲ್ ಆಗೋದು ಸ್ಲ್ಯಾಬ್ ಲೆಕ್ಕದಲ್ಲಿ. ಪ್ರಾಪ್ ಬಾಡಿಗೆ ನೀವು ಕೊಡ್ತೀರಾ?

ಎಂಜಿನಿಯರ್: ಗುತ್ತಿಗೆದಾರರು ಒಪ್ಪಿಕೊಂಡುಬಿಟ್ಟರು. ಮಿಕ್ಸ್ ಬದಲಾಯಿತು. ಒಂದು ಸ್ಲ್ಯಾಬಿನಿಂದ ಮುಂದಿನದಕ್ಕೆ ಹೋಗುವ ದಿನಗಳ ಲೆಕ್ಕ, ಅಂದರೆ ಸ್ಲ್ಯಾಬ್ ಸೈಕಲ್, ಬದಲಾಗಲಿಲ್ಲ, ಬಿಲ್ಲಿನ ಕಂತು ಬದಲಾಗಲಿಲ್ಲ, ಮೇಸ್ತ್ರಿಗೆ ಸುದ್ದಿಯೇ ಇಲ್ಲ. ಬೇಗ ಬಿಚ್ಚಿದವನಿಗೆ ಬೇಗ ದುಡ್ಡು ಅಂತಿದ್ದರೆ ಎಲ್ಲರೂ ಬೇಗ ಬಿಚ್ಚುತ್ತಾರೆ. ಹೊಸ ಮಿಕ್ಸ್ ತರುವ ದಿನವೇ ಹೆಚ್ಚುವರಿ ಪ್ರಾಪ್ ದಿನಗಳ ಖರ್ಚನ್ನು ಒಪ್ಪಂದಕ್ಕೆ ಸೇರಿಸಬೇಕಿತ್ತು. ಎಲ್ಲರ ಎದುರು ಒಂದು ಚಿಕ್ಕ ಭಾಗ ಹಾಕಿ, ಎಷ್ಟನೇ ದಿನ ಎಷ್ಟು ಬಲ ಬರುತ್ತದೆ ಅಂತ ತೋರಿಸಬೇಕಿತ್ತು.

ಗುತ್ತಿಗೆದಾರ: ಕೂತು ಟೈಪ್ ಮಾಡೋದು ಸುಲಭ.

ಹಳೇ ಮೇಸ್ತ್ರಿ: ಸ್ಲ್ಯಾಬ್ ಕೆಳಗೆ ನಿಲ್ಲೋದು ನಮ್ಮ ಹುಡುಗರು ಸ್ವಾಮಿ, ನೀವಲ್ಲ.

ಮರುಬಳಕೆ: ಒಡೆದ ಕಾಂಕ್ರೀಟ್ ಪುಡಿ ಮಾಡಿ ಕಂಬಕ್ಕೆ ಬಳಸಬಹುದಾ?

ಎಂಜಿನಿಯರ್: ಪರೀಕ್ಷೆ ಇಲ್ಲದೆ ಬೇಡ. ಹಳೇ ಗಾರೆ ಅಂಟಿರುವುದರಿಂದ ಜಾಸ್ತಿ ನೀರು ಕುಡಿಯುತ್ತದೆ. ನೆಲದ ತಳಕ್ಕೆ, ದಾರಿಗೆ ಹಾಕಿ.

ಮತ್ತೊಬ್ಬ: ಸ್ಲ್ಯಾಗ್ ಹಾಕಿದರೆ ಎಷ್ಟು ದಿನ ಕ್ಯೂರಿಂಗ್?

ಎಂಜಿನಿಯರ್: ಹಾರುಬೂದಿಗೆ ಮೇಲೆ ಹೇಳಿದಷ್ಟೇ. ಓದಿ.

ಹಸಿರುಮನೆ: ಹಾಗಾದರೆ ಬಿರುಕಿನ ಮೇಲೆ ಒಣ ಸಿಮೆಂಟ್ ಉದುರಿಸಿದರೆ? ಅದು ಬೇರೆ ಫಾರ್ವರ್ಡ್.

ಎಂಜಿನಿಯರ್: ಸೈಟ್ ಎಂಜಿನಿಯರ್ ಎಲ್ಲಿ? ನಾಳೆಯ ಕಾಂಕ್ರೀಟ್ ನಿಲ್ಲಿಸಿದರಾ? ಅದೊಂದನ್ನು ಹೇಳಿ.

ಬಿದಿರುಪ್ರಿಯ: ಸರ್, ನನ್ನ ಬಿದಿರಿನ ಪ್ರಶ್ನೆ?

ಗುತ್ತಿಗೆದಾರ: ಒಂದು ದಿನ ನಿಲ್ಲಿಸಿದರೆ ಎಷ್ಟು ನಷ್ಟ ಅಂತ ಗೊತ್ತಾ ಇವರಿಗೆ?

ಸೈಟ್ ಎಂಜಿನಿಯರ್: ಡಿಸೈನರ್ ಬಂದಿದ್ದಾರೆ. ಅವರೇ ನಿಂತು ಪ್ರಾಪ್ ಹಾಕಿಸುತ್ತಿದ್ದಾರೆ. ಕಾಂಕ್ರೀಟ್ ನಿಲ್ಲಿಸಿ ಅಂತ ಬರೆದು ಕೊಟ್ಟಿದ್ದೇನೆ. ಆಫೀಸಿನಿಂದ ಮೂರು ಫೋನ್ ಬಂದಿವೆ, ಇನ್ನೂ ಎತ್ತಿಲ್ಲ.