ಶಸ್ತ್ರಚಿಕಿತ್ಸೆಯಾದ ನಾಯಿಗೆ ಮಲಗಿದಲ್ಲೇ ಆಡಿಸಬಹುದಾದ ಆಟಗಳು: ಸಾಕಿದವರ ಅನುಭವ

ಪ್ರಶ್ನೆ:

ನಮ್ಮ ಎರಡು ವರ್ಷದ ನಾಯಿಗೆ ಹಿಂಗಾಲಿನ ಮೊಣಕಾಲಿನ ಲಿಗಮೆಂಟ್ ಹರಿದಿದ್ದರಿಂದ ಮೂಳೆ ಕತ್ತರಿಸಿ ಪ್ಲೇಟ್ ಹಾಕುವ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ. ಎಂಟು ವಾರಗಳವರೆಗೆ ಓಟ, ನೆಗೆತ, ಮೆಟ್ಟಿಲು ಯಾವುದೂ ಕೂಡದು, ಮಲಮೂತ್ರಕ್ಕೆ ಮಾತ್ರ ಬೆಲ್ಟ್ ಹಾಕಿ ನಿಧಾನವಾಗಿ ನಡೆಸಿಕೊಂಡು ಹೋಗಬೇಕು ಎಂದು ವೈದ್ಯರು ಹೇಳಿದ್ದಾರೆ. ಮೊದಲ ಕೆಲವು ದಿನ ಔಷಧದ ಮಂಪರಿನಲ್ಲಿ ಮಲಗಿದ್ದ ನಾಯಿ ಈಗ ಕ್ರೇಟಿನೊಳಗೆ, ಅಂದರೆ ತನ್ನನ್ನು ಇರಿಸಿದ ಪಂಜರದೊಳಗೆ, ಕುಂಯ್‌ಗುಡುತ್ತ, ಹಾಸಿಗೆಯನ್ನು ಕೆರೆಯುತ್ತ, ಮನೆಯಲ್ಲಿ ಯಾರು ಎದ್ದರೂ ತಾನೂ ಎದ್ದು ನಿಲ್ಲುತ್ತಿದೆ. ದೇಹವನ್ನು ದಣಿಸದೆ ಅದರ ಬುದ್ಧಿಗೆ ಕೆಲಸ ಕೊಡುವ ಆಟಗಳನ್ನು, ಕಲಿಸಬಹುದಾದ ಸಣ್ಣಪುಟ್ಟ ವಿದ್ಯೆಗಳನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಇದೇ ಶಸ್ತ್ರಚಿಕಿತ್ಸೆಯನ್ನು ತಮ್ಮ ನಾಯಿಗೆ ಮಾಡಿಸಿದವರೊಬ್ಬರ ಉತ್ತರ:

ಯಾವ ಆಟವನ್ನು ಆಯ್ದುಕೊಂಡರೂ ನಾನು ಮೊದಲು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಆಡಲು ನಾಯಿ ಎದ್ದು ನಿಲ್ಲಬೇಕಾಗುತ್ತದೆಯೇ? ಈ ಜರಡಿ ಹಿಡಿದರೆ ಎಲ್ಲರೂ ಮೊದಲು ಕಲಿಸುವ ವಿದ್ಯೆಗಳೇ ಹೊರಗೆ ಬೀಳುತ್ತವೆ. ಕೈ ಕೊಡುವುದನ್ನೇ ನೋಡಿ; ನಾಯಿ ಕುಳಿತು ಮುಂಗಾಲನ್ನು ಎತ್ತಿದಾಗ ಭಾರ ಹಿಂದಕ್ಕೆ, ಅಂದರೆ ಹೊಲಿಗೆ ಹಾಕಿದ ಕಾಲಿನತ್ತ ಸರಿಯುತ್ತದೆ. ಕೂರು, ಏಳು ಎಂದು ಮತ್ತೆ ಮತ್ತೆ ಹೇಳುವುದು ತೊಡೆಯ ಸ್ನಾಯುಗಳಿಗೆ ವ್ಯಾಯಾಮವೇ ಆಗಿದ್ದು, ಅದನ್ನು ಯಾವಾಗ, ಎಷ್ಟು ಸಲ ಮಾಡಿಸಬೇಕೆಂಬುದನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಬೇಸರ ಕಳೆಯಲು ಹೊರಟ ನಾವಲ್ಲ. ಉರುಳುವುದು, ಸುತ್ತುವುದು, ಹಗ್ಗ ಜಗ್ಗುವುದು ಇವುಗಳ ಮಾತೇ ಬೇಡ. ಉಳಿಯುವುದು ಮೂಗು, ನಾಲಿಗೆ, ಕಣ್ಣು, ಕಿವಿ ಮತ್ತು ಗಲ್ಲ. ಇವಿಷ್ಟೇ ಧಾರಾಳವಾಗಿ ಸಾಕಾಗುತ್ತವೆ.

ನಾನು ಆರಂಭಿಸಿದ್ದು ಮೂಗಿನಿಂದ ಅಂಗೈ ಮುಟ್ಟಿಸುವುದರಿಂದ. ನಾಯಿ ಮಲಗಿರುವಾಗಲೇ ಅಂಗೈಯನ್ನು ಅದರ ಮೂಗಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿಯಿರಿ. ಮೂಸಲೆಂದು ಮೂಗು ತಾಗಿಸಿದ ಕ್ಷಣವೇ ಒಂದು ಗೊತ್ತಾದ ಮಾತು ಹೇಳಿ, ಇನ್ನೊಂದು ಕೈಯಿಂದ ತಿನಿಸಿನ ಚೂರನ್ನು ಅದರ ಮುಂಗಾಲುಗಳ ನಡುವೆ ನೆಲದ ಮೇಲಿಡಿ. ಬಾಯಿಗೇ ಕೊಟ್ಟರೆ ನಾಯಿ ಕತ್ತು ಚಾಚಿ, ಕ್ರಮೇಣ ಮುಂದಕ್ಕೆ ಸರಿದು, ಕೊನೆಗೆ ಎದ್ದೇ ಬಿಡುತ್ತದೆ. ಕಾಲುಗಳ ನಡುವೆ ಇಟ್ಟರೆ ತಲೆ ಕೆಳಗಿಳಿದು ಮಲಗಿದ ಭಂಗಿ ತಾನಾಗಿ ಗಟ್ಟಿಯಾಗುತ್ತದೆ. ಇದು ಬಂದ ಮೇಲೆ ಅಂಗೈಗೆ ಬದಲಾಗಿ ಡಬ್ಬಿಯ ಮುಚ್ಚಳವನ್ನು ಮುಟ್ಟಲು, ಎರಡು ಮುಚ್ಚಳಗಳಲ್ಲಿ ಹೇಳಿದ್ದನ್ನೇ ಆರಿಸಲು ಕಲಿಸಬಹುದು.

ಎರಡನೆಯದು ಗಲ್ಲ ಊರುವುದು. ಮಡಿಸಿದ ಬಟ್ಟೆಯ ಮೇಲೆ ಅಥವಾ ನಿಮ್ಮ ಅಂಗೈ ಮೇಲೆ ನಾಯಿ ಗಲ್ಲವಿಟ್ಟು ಕ್ಷಣಕಾಲ ಅಲುಗಾಡದಿದ್ದರೆ ಬಹುಮಾನ, ಆಮೇಲೆ ನಿಧಾನವಾಗಿ ಆ ಕಾಲವನ್ನು ಹೆಚ್ಚಿಸುತ್ತ ಹೋಗುವುದು. ನೋಡುವವರಿಗೆ ಇದು ವಿದ್ಯೆಯಂತೆಯೇ ಕಾಣುವುದಿಲ್ಲ, ಆದರೆ ಗಾಯ ನೋಡುವಾಗ, ಕಿವಿ ಶುಚಿ ಮಾಡುವಾಗ, ಹೊಲಿಗೆ ಬಿಚ್ಚಿಸುವಾಗ ಇದರಷ್ಟು ಉಪಯೋಗಕ್ಕೆ ಬಂದದ್ದು ಮತ್ತೊಂದಿಲ್ಲ.

ತಾಳ್ಮೆ ಇದ್ದರೆ ಆಟಿಕೆಗಳ ಹೆಸರು ಕಲಿಸಿ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ಆಟಿಕೆಗಳನ್ನು ಹೆಸರಿನಿಂದಲೇ ಗುರುತಿಸುತ್ತಿತ್ತು ಎಂಬುದನ್ನು ಅದರ ಯಜಮಾನರಾದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿಯವರ ಅಧ್ಯಯನ 2011ರಲ್ಲಿ ದಾಖಲಿಸಿತು. ನಮ್ಮ ನಿಮ್ಮ ನಾಯಿಗಳಿಗೆ ಎರಡು ಮೂರು ಹೆಸರು ಬಂದರೂ ಸಾಲದೇ? ಒಂದೇ ಆಟಿಕೆಯನ್ನು ಮುಂದಿಟ್ಟು ಹೆಸರು ಹೇಳಿ, ಮೂಗು ತಾಗಿಸಿದಾಗ ಬಹುಮಾನ ಕೊಡಿ. ಆ ಹೆಸರು ಅದರ ಮನಸ್ಸಿನಲ್ಲಿ ಚೆನ್ನಾಗಿ ಕೂತ ಮೇಲೆಯೇ ಪಕ್ಕದಲ್ಲಿ ಹೆಸರಿಲ್ಲದ ಇನ್ನೊಂದು ವಸ್ತುವನ್ನಿಡಿ. ಎರಡು ಹೊಸ ಹೆಸರುಗಳನ್ನು ಒಟ್ಟಿಗೆ ಹೇಳಿಕೊಡಲು ಹೋದರೆ ನಾಯಿ ಗೊಂದಲಗೊಂಡು ಬೊಗಳಲಾರಂಭಿಸುತ್ತದೆ, ನಿಮಗೂ ಸಾಕೆನಿಸುತ್ತದೆ.

ವಾಸನೆ ಹಿಡಿಯುವ ಆಟಗಳನ್ನು ಆಡಿಸುವವರೊಬ್ಬರ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದೇ ಒಂದು ಆಟಕ್ಕೆ ಸಮಯವಿದೆ ಎಂದರೆ ನಾನು ಮೂಗಿನ ಆಟವನ್ನೇ ಆರಿಸುತ್ತೇನೆ. 2019ರಲ್ಲಿ ಪ್ರಕಟವಾದ ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಅವರ ಅಧ್ಯಯನದಲ್ಲಿ, ಎರಡು ವಾರ ಮೂಸಿ ಹುಡುಕುವ ಅಭ್ಯಾಸ ಮಾಡಿದ ನಾಯಿಗಳು, ಒಳಗೆ ತಿನಿಸಿದೆಯೋ ಇಲ್ಲವೋ ಎಂಬುದು ಖಚಿತವಿಲ್ಲದ ಬಟ್ಟಲಿನತ್ತ ಮೊದಲಿಗಿಂತ ಬೇಗ ಹೋದವು. ಯಜಮಾನರ ಪಕ್ಕದಲ್ಲೇ ನಡೆಯುವ ಅಭ್ಯಾಸ ಮಾಡಿದ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ಸಂಶೋಧಕರು ಇದನ್ನು ನಾಯಿಯ ಆಶಾಭಾವದ ಗುರುತೆಂದು ಓದಿದರು. ದಿನವಿಡೀ ಕ್ರೇಟಿನಲ್ಲಿರುವ ನಾಯಿಗೆ ಬೇಕಾದದ್ದು ಅದೇ ಅಲ್ಲವೇ?

ಮನೆಯಿಡೀ ಹುಡುಕಿಸುವುದು ಈಗ ಆಗದ ಮಾತು, ಆದ್ದರಿಂದ ಹುಡುಕಾಟವನ್ನು ಅದರ ಮೂಗಿನ ಕೆಳಗೇ ತರಬೇಕು. ಹಳೆಯ ಟವೆಲ್ಲಿನ ಮೇಲೆ ಒಣ ಆಹಾರದ ಕಾಳುಗಳನ್ನು ಹರಡಿ, ಸಡಿಲವಾಗಿ ಸುರುಳಿ ಸುತ್ತಿ, ಮಲಗಿದ ನಾಯಿಯ ಎದುರಿಗಿಡಿ. ಮೂಗಿನಿಂದ ತಳ್ಳಿ ಬಿಡಿಸುವುದನ್ನು ಅದು ಬಲುಬೇಗ ಕಲಿಯುತ್ತದೆ. ಅನಂತರ ಸುರುಳಿಯನ್ನು ಬಿಗಿ ಮಾಡಿ. ಕಪ್‌ಕೇಕ್ ಅಚ್ಚಿನ ಗುಳಿಗಳಲ್ಲಿ ಕಾಳು ಹಾಕಿ ಮೇಲೆ ಟೆನಿಸ್ ಚೆಂಡುಗಳನ್ನಿಡುವ ಆಟ ಹೆಸರುವಾಸಿಯಾದದ್ದೇ, ಆದರೆ ಚೆಂಡು ಕಂಡರೆ ಹುಚ್ಚೇಳುವ ನಾಯಿಗೆ ಅದು ಬೇಡ. ಉರುಳಿದ ಚೆಂಡಿನ ಹಿಂದೆ ಅದು ಜಿಗಿಯುತ್ತದೆ. ಚೆಂಡಿನ ಬದಲು ಬಟ್ಟೆಯ ತುಂಡು ಮುಚ್ಚಿ. ಇನ್ನೊಂದು ಸರಳ ಉಪಾಯವೆಂದರೆ ಹೊರಗಿನ ವಾಸನೆಯನ್ನು ಒಳಗೆ ತರುವುದು: ಹೊರಗೆ ಹೋಗಿ ಬಂದವರ ಕಾಲುಚೀಲ, ಮರದ ತೊಗಟೆ, ಇನ್ನೊಂದು ನಾಯಿ ಮಲಗುವ ಬಟ್ಟೆ ಇವನ್ನು ಒಂದೊಂದಾಗಿ ಮೂಸಲು ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಹೊಲಿಗೆ ಇರುವವರೆಗೆ ಮಣ್ಣು ಮೆತ್ತಿದ ಯಾವುದನ್ನೂ ಗಾಯದ ಹತ್ತಿರ ಬಿಡಬಾರದು.

ಗಾಯ ನೆಕ್ಕದಿರಲೆಂದು ಕೊರಳಿಗೆ ಆಲಿಕೆಯಾಕಾರದ ಕೋನ್ ಹಾಕಿದ್ದರೆ ಅದರ ಅಂಚು ಎಲ್ಲದಕ್ಕೂ ತಾಗಿ ನಾಯಿ ಆಟವನ್ನೇ ಬಿಟ್ಟುಬಿಡುತ್ತದೆ. ಕೋನಿನ ಬಾಯಿಗಿಂತ ಚಿಕ್ಕದಾದ ತಟ್ಟೆಯನ್ನು ಸ್ವಲ್ಪ ಎತ್ತರಿಸಿ ಹಿಡಿದರೆ ಕೋನ್ ತಟ್ಟೆಯನ್ನೇ ಆವರಿಸಿಕೊಳ್ಳುತ್ತದೆ, ಮೂಗು ಸಲೀಸಾಗಿ ತಲುಪುತ್ತದೆ. ವೈದ್ಯರು ಒಪ್ಪಿದರೆ, ನೀವು ಎದುರಿಗೇ ಕುಳಿತಿರುವಷ್ಟು ಹೊತ್ತು ಮಾತ್ರ ಅದನ್ನು ಬಿಚ್ಚಬಹುದು.

ಕರುಳಿನ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ನೋಡಿಕೊಂಡವರೊಬ್ಬರ ಉತ್ತರ:

ಟವೆಲ್ ಮತ್ತು ಕಾಲುಚೀಲದ ಆಟಗಳ ಬಗ್ಗೆ ಒಂದು ಎಚ್ಚರಿಕೆ. ನಮ್ಮ ನಾಯಿಯ ಹೊಟ್ಟೆ ಕೊಯ್ಯಬೇಕಾಗಿ ಬಂದದ್ದೇ ಅದು ನುಂಗಿದ ಬಟ್ಟೆಯಿಂದ. ಬಟ್ಟೆ, ರಟ್ಟು, ಸ್ಪಂಜು ಕಿತ್ತು ತಿನ್ನುವ ಸ್ವಭಾವವಿರುವ ನಾಯಿಗೆ ಆ ಆಟಗಳನ್ನು ಕೊಡಲೇಬಾರದು. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ತಿನಿಸೂ ಸಲ್ಲದು. ವೈದ್ಯರು ಹೇಳಿದ ಮೆತ್ತನೆಯ ಆಹಾರವನ್ನೇ ನೆಕ್ಕುವ ಚಾಪೆಗೆ ತೆಳುವಾಗಿ ಸವರಿ ಕೊಡುತ್ತಿದ್ದೆವು. ಬಾಯಿಯ ಅಥವಾ ದವಡೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಜಗಿಯುವ ಆಟಿಕೆಗಳು ಬೇಡ, ಕಣ್ಣಿನದಾಗಿದ್ದರೆ ಮುಖ ತೂರಿಸಿ ಹುಡುಕುವ ಆಟಗಳು ಬೇಡ, ಬೆನ್ನುಮೂಳೆ ಅಥವಾ ಕತ್ತಿನದಾಗಿದ್ದರೆ ತಲೆ ತಿರುಗಿಸಿ ಬಗ್ಗಿಸುವ ಯಾವುದನ್ನೂ ವೈದ್ಯರನ್ನು ಕೇಳದೆ ಆರಂಭಿಸಬೇಡಿ.

ನಾಯಿಗಳಿಗೆ ತರಬೇತಿ ನೀಡುವವರೊಬ್ಬರ ಉತ್ತರ:

ಆಟ ಯಾವುದು ಎನ್ನುವುದಕ್ಕಿಂತ ಆಟ ಮುಗಿದಾಗ ನಾಯಿ ಹೇಗಿದೆ ಎನ್ನುವುದನ್ನು ನಾನು ಹೆಚ್ಚು ಗಮನಿಸುತ್ತೇನೆ. ಏದುಸಿರು, ಕುಂಯ್‌ಗುಟ್ಟುವಿಕೆ, ತಿನಿಸನ್ನು ಬೆರಳಿನ ಸಮೇತ ಕಿತ್ತುಕೊಳ್ಳುವುದು, ಹೇಳದೆಯೇ ಒಂದರ ಹಿಂದೊಂದು ವಿದ್ಯೆ ಮಾಡಿ ತೋರಿಸುವುದು ಇವೆಲ್ಲ ಉದ್ರೇಕದ ಚಿಹ್ನೆಗಳು. ಅಂಥ ನಾಯಿಯನ್ನು ಕ್ರೇಟಿಗೆ ಕಳುಹಿಸಿದರೆ ಅದು ಮೊದಲಿಗಿಂತ ಹೆಚ್ಚು ಒದ್ದಾಡುತ್ತದೆ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಸಾಕು, ಮತ್ತು ಯೋಚಿಸಬೇಕಾದ ಆಟದ ನಂತರ ನೆಕ್ಕುವ ಕೆಲಸ ಕೊಡಿ. ಅನೇಕ ನಾಯಿಗಳು ನೆಕ್ಕುತ್ತ ಶಾಂತವಾಗುತ್ತವೆ. ವೈದ್ಯರು ಮಂಪರಿನ ಮಾತ್ರೆ ಬರೆದುಕೊಟ್ಟಿದ್ದರೆ ಅದರ ಪ್ರಭಾವವಿರುವಾಗ ಹೊಸದನ್ನು ಕಲಿಸಬೇಡಿ, ಮತ್ತು ಆಟಗಳು ಫಲಿಸುತ್ತಿವೆಯೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ.

ತಿನಿಸಿನ ಲೆಕ್ಕವೂ ಮುಖ್ಯ. ಓಡಾಟ ನಿಂತ ನಾಯಿ ಬೇಗ ದಪ್ಪವಾಗುತ್ತದೆ, ಹೆಚ್ಚಿದ ತೂಕ ಅದೇ ಮೊಣಕಾಲಿನ ಮೇಲೆ ಬೀಳುತ್ತದೆ. ಬೆಳಿಗ್ಗೆಯೇ ದಿನದ ಆಹಾರವನ್ನು ಅಳೆದು ಒಂದು ಡಬ್ಬಿಗೆ ಹಾಕಿ, ಆಟದ ಬಹುಮಾನವನ್ನೂ ಅದರಿಂದಲೇ ತೆಗೆಯಿರಿ. ಬೇರೆ ತಿನಿಸು ದಿನದ ಕ್ಯಾಲೊರಿಯಲ್ಲಿ ಶೇಕಡಾ 10 ಮೀರದಿರಲಿ. ನೆಕ್ಕಲು ಕಡಲೆಕಾಯಿ ಬೆಣ್ಣೆ ಬಳಸುವವರು ಸೀಸೆಯ ಮೇಲಿನ ಪಟ್ಟಿಯನ್ನು ಓದಲೇಬೇಕು, ಏಕೆಂದರೆ ಕೆಲವದರಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಅಂಗೈ ಮುಟ್ಟುವುದನ್ನು ಕಲಿಸಿದ್ದೇನೆ, ಆಟದ ಹೊತ್ತಿನಲ್ಲಿ ಬಹಳ ಲಕ್ಷ್ಯ ಕೊಡುತ್ತದೆ. ಆದರೆ ಬಾಗಿಲಿನ ಗಂಟೆ ಬಾರಿಸಿದರೆ ಎಲ್ಲವನ್ನೂ ಮರೆತು ಎದ್ದು ನಿಲ್ಲುತ್ತದೆ. ಅದಕ್ಕೇನಾದರೂ ಉಪಾಯವಿದೆಯೇ?

ತರಬೇತಿ ನೀಡುವವರು:

ಇದೆ. ಗಂಟೆಯ ಸದ್ದನ್ನು ಫೋನಿನಲ್ಲಿ ದಾಖಲಿಸಿಕೊಂಡು, ನಾಯಿಯ ಕಿವಿ ಅಲುಗುವಷ್ಟು ಮಾತ್ರ ಕೇಳಿಸುವಂತೆ ಸಣ್ಣಗೆ ಹಾಕಿ, ಸದ್ದಾದ ಕೂಡಲೇ ಮುಂಗಾಲುಗಳ ನಡುವೆ ಕಾಳು ಉದುರಿಸಿ. ಸದ್ದು ಕೇಳಿದಾಗ ಅದು ಬಾಗಿಲಿನತ್ತ ನೋಡುವ ಬದಲು ನೆಲ ನೋಡತೊಡಗಿದ ಮೇಲೆಯೇ ಸದ್ದನ್ನು ಒಂದು ಮೆಟ್ಟಿಲು ಏರಿಸಿ. ಅಲ್ಲಿಯವರೆಗೆ ನಿಜವಾದ ಗಂಟೆಯ ಸ್ವಿಚ್ಚನ್ನು ಆರಿಸಿ, ಬರುವವರಿಗೆ ಫೋನ್ ಮಾಡಿ ಬರಲು ತಿಳಿಸಿ.